ಹಳೇ ಕಾರಿನ ಗ್ಯಾರೇಜಿಗೆ ಗಂಟೆಯ ಕೂಲಿ ನಿಗದಿ ಮಾಡುವುದು ಹೇಗೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲಿಸ್ ಜೀಪು, ಮೊದಮೊದಲ ಮಾರುತಿ 800. ಇಂಥ ಗಾಡಿಗಳನ್ನು ರಿಪೇರಿ ಮಾಡುವ ಸಣ್ಣ ಗ್ಯಾರೇಜುಗಳಿಗೆ ಕೆಲಸಕ್ಕೆ ಬರವಿಲ್ಲ. ತಾತನ ಕಾರನ್ನು ಮತ್ತೆ ರಸ್ತೆಗಿಳಿಸಬೇಕು ಅನ್ನುವವರು ಬೆಂಗಳೂರು, ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಷೆಡ್ಡಿನ ತುಂಬ ಗಾಡಿ ನಿಂತಿರುತ್ತವೆ. ಆದರೂ ತಿಂಗಳ ಕೊನೆಗೆ ಬಾಡಿಗೆ, ಸಂಬಳ ಕೊಟ್ಟ ಮೇಲೆ ಮಾಲೀಕನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ನಾನು ನೋಡಿದ ಹೆಚ್ಚಿನ ಕಡೆ ಕಾರಣ ಒಂದೇ. ಗಂಟೆಯ ಕೂಲಿಯನ್ನು ಯಾರೂ ಕೂತು ಲೆಕ್ಕ ಹಾಕಿರುವುದಿಲ್ಲ. ಪಕ್ಕದ ರಸ್ತೆಯವರು 400 ತಗೊಳ್ಳುತ್ತಾರೆ, ನಾವು 350 ಇಡೋಣ ಅಂತ ಶುರುವಾಗಿರುತ್ತದೆ. ಪಕ್ಕದ ರಸ್ತೆಯವರೂ ಹಾಗೇ ಶುರು ಮಾಡಿರುತ್ತಾರೆ.

ಈ ಲೇಖನದಲ್ಲಿ ಆ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಮಾಡೋಣ. ಉದಾಹರಣೆಗೆ ಬೆಂಗಳೂರಿನ ಅಂಚಿನಲ್ಲಿರುವ 1,500 ಚದರಡಿಯ ಒಂದು ಷೆಡ್ ಇಟ್ಟುಕೊಳ್ಳೋಣ. ಅಲ್ಲಿ ಮೂರು ಜನ: ಕೆಲಸ ಬಲ್ಲ ಮಾಲೀಕ, ಒಬ್ಬ ಹಿರಿಯ ಮೆಕ್ಯಾನಿಕ್, ಒಬ್ಬ ಹೆಲ್ಪರ್. ಅಂಕಿಗಳೆಲ್ಲ ಲೆಕ್ಕ ತೋರಿಸುವುದಕ್ಕೆ ಇಟ್ಟವು. ಓದುತ್ತಾ ನಿಮ್ಮ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಂಡು ಹೋಗಿ.

ಒಟ್ಟು ಮಾತು ಯಾಕೆ ಕೈ ಕೊಡುತ್ತದೆ

ಹೊಸ ಕಾರುಗಳ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಕೆಲಸಕ್ಕೂ ಕಂಪನಿಯೇ ಇಷ್ಟು ಹೊತ್ತು ಅಂತ ಗೊತ್ತು ಮಾಡಿರುತ್ತದೆ. ಅಲ್ಲಿ ಬೋಲ್ಟು ಹೊಸದು, ಬಿಡಿಭಾಗ ಕಪಾಟಿನಲ್ಲೇ ಇರುತ್ತದೆ. ಹಾಗಾಗಿ ಆ ಹೊತ್ತು ಸರಿಹೋಗುತ್ತದೆ.

ನಮ್ಮ ಗಾಡಿಗಳ ಕಥೆ ಬೇರೆ. ಕೋಲ್ಕತ್ತಾ ಹತ್ತಿರದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಹೆರಾಲ್ಡ್ ನಿಂತು ಐವತ್ತು ವರ್ಷ ದಾಟಿದೆ. ಹಳೇ ಅಂಬಾಸಿಡರ್ ಒಂದರ ವೀಲ್ ಸಿಲಿಂಡರ್ (ಚಕ್ರದೊಳಗಿನ ಬ್ರೇಕಿನ ಭಾಗ) ಬದಲಿಸಬೇಕು ಅಂದುಕೊಳ್ಳಿ. ಪುಸ್ತಕದ ಪ್ರಕಾರ ಒಂದು ಗಂಟೆಯ ಕೆಲಸ. ಡ್ರಮ್ಮು ಹಿಡಿದುಕೊಂಡಿರುತ್ತದೆ. ಬ್ರೇಕಿನ ಗಾಳಿ ತೆಗೆಯುವ ಬ್ಲೀಡರ್ ನಿಪ್ಪಲ್‌ಗೆ ಸ್ಪ್ಯಾನರ್ ಹಾಕಿದರೆ ಮುರಿಯುತ್ತದೆ. ಬ್ರೇಕ್ ಪೈಪಿನ ನಟ್ಟು ಸವೆದು ದುಂಡಗಾಗಿರುತ್ತದೆ, ಬಿಚ್ಚಲು ಹೋದರೆ ಪೈಪೇ ತಿರುಚಿಕೊಳ್ಳುತ್ತದೆ. ಒಂದು ಗಂಟೆ ಅಂದಿದ್ದು ನಾಲ್ಕು ಗಂಟೆ ಆಗುತ್ತದೆ.

ಅದಕ್ಕೆ "ಎಲ್ಲಾ ಸೇರಿ ಮೂರು ಸಾವಿರ" ಅಂತ ಮೊದಲೇ ಒಪ್ಪಿಕೊಂಡಿದ್ದರೆ ನಷ್ಟ ನಿಮ್ಮದು. ಭಯಪಟ್ಟು ಎಂಟು ಸಾವಿರ ಹೇಳಿ, ಕೆಲಸ ಸುಲಭವಾಗಿ ಮುಗಿದರೆ ಗ್ರಾಹಕನಿಗೆ ಅನ್ಯಾಯ. ಹಳೇ ಗಾಡಿಯಲ್ಲಿ ಒಟ್ಟು ಮಾತು ಅಂದರೆ ಇಬ್ಬರಲ್ಲಿ ಒಬ್ಬರು ಸೋಲಲೇಬೇಕಾದ ಪಂದ್ಯ. ಆದ ಹೊತ್ತಿಗೆ ತಕ್ಕ ಕೂಲಿ ಅನ್ನುವುದೇ ಇಬ್ಬರಿಗೂ ನ್ಯಾಯ. ಆಯಿಲ್ ಬದಲಿಸುವುದು, ಪಾಯಿಂಟ್ ಸೆಟ್ ಮಾಡುವುದು, ಟ್ಯಾಪೆಟ್ ಹೊಂದಿಸುವುದು, ಇಂಥ ಪದೇ ಪದೇ ಬರುವ ಸಣ್ಣ ಕೆಲಸಗಳಿಗೆ ಮಾತ್ರ ನಿಗದಿ ಬೆಲೆ ಇಡಬಹುದು. ಆ ಬೆಲೆಯೂ ಗಂಟೆಯ ದರದಿಂದಲೇ ಹುಟ್ಟಬೇಕು.

ಮೊದಲ ಹೆಜ್ಜೆ: ಮಾರಲು ನಿಮ್ಮ ಹತ್ತಿರ ಎಷ್ಟು ಗಂಟೆ ಇವೆ?

ಎಲ್ಲರೂ ಖರ್ಚಿನಿಂದ ಶುರು ಮಾಡುತ್ತಾರೆ. ನಾನು ಗಂಟೆಗಳಿಂದ ಶುರು ಮಾಡಿ ಅನ್ನುತ್ತೇನೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ವರ್ಷಕ್ಕೆ 365 ದಿನ. 52 ಭಾನುವಾರ ಕಳೆಯಿರಿ. ಹಬ್ಬ ಮತ್ತು ರಾಷ್ಟ್ರೀಯ ರಜೆ 10 ಕಳೆಯಿರಿ. ಮದುವೆ, ಜ್ವರ, ಊರಿಗೆ ಹೋಗುವುದು ಅಂತ 12 ದಿನ ಕಳೆಯಿರಿ. ಉಳಿಯುವುದು 291 ದಿನ. ದಿನಕ್ಕೆ 8 ಗಂಟೆಯಂತೆ ಒಬ್ಬರಿಗೆ 2,328 ಗಂಟೆ.

ಇವು ಹಾಜರಿಯ ಗಂಟೆಗಳು. ಇವೆಲ್ಲವನ್ನೂ ಗ್ರಾಹಕರ ಬಿಲ್ಲಿಗೆ ಹಾಕಲು ಆಗುವುದಿಲ್ಲ. ಬೆಳಿಗ್ಗೆ ಗುಡಿಸುವುದು, ಗಾಡಿಗಳನ್ನು ಹಿಂದೆ ಮುಂದೆ ಸರಿಸಿ ಜಾಗ ಮಾಡುವುದು, ಬಿಡಿಭಾಗ ಬರುವವರೆಗೆ ಕಾಯುವುದು, "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಅನ್ನುವವರ ಜೊತೆ ಅರ್ಧ ಗಂಟೆ ಮಾತು, ಹಿಂದೆ ಮಾಡಿದ ಕೆಲಸವನ್ನು ಮತ್ತೆ ಸರಿಮಾಡಿ ಕೊಡುವುದು. ಇದಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ, ಆದರೆ ಸಂಬಳ ಮಾತ್ರ ನಡೆಯುತ್ತಿರುತ್ತದೆ, ಅಲ್ವಾ?

ಹೊಸ ಕಾರಿನ ಗ್ಯಾರೇಜಿಗಿಂತ ಹಳೇ ಕಾರಿನ ಗ್ಯಾರೇಜಿನಲ್ಲಿ ಈ ಸೋರಿಕೆ ಜಾಸ್ತಿ. ನಮ್ಮ ಉದಾಹರಣೆಯಲ್ಲಿ ಹೀಗೆ ಇಟ್ಟುಕೊಳ್ಳೋಣ. ಹಿರಿಯ ಮೆಕ್ಯಾನಿಕ್‌ನ ಹೊತ್ತಿನಲ್ಲಿ ಶೇ. 65 ಬಿಲ್ಲಿಗೆ ಹೋಗುತ್ತದೆ, ಅಂದರೆ 1,513 ಗಂಟೆ. ಮಾಲೀಕನಿಗೆ ಫೋನು, ಲೆಕ್ಕ, ಗ್ರಾಹಕರು ಎಲ್ಲ ಇರುವುದರಿಂದ ಶೇ. 40, ಅಂದರೆ 931 ಗಂಟೆ. ಹೆಲ್ಪರ್ ಇನ್ನೂ ಕಲಿಯುತ್ತಿದ್ದಾನೆ. ಅವನದು ಶೇ. 30, ಅಂದರೆ 698 ಗಂಟೆ. ಮೂವರದೂ ಸೇರಿ 3,142 ಗಂಟೆ. ಹಾಜರಿ ಇದ್ದಿದ್ದು 6,984 ಗಂಟೆ. ಅರ್ಧಕ್ಕಿಂತ ಕಡಿಮೆ!

ನಿಮ್ಮ ಗ್ಯಾರೇಜಿನ ಶೇಕಡಾ ಎಷ್ಟು ಅಂತ ತಿಳಿಯಲು ಒಂದು ತಿಂಗಳು ಹೊತ್ತಿನ ಪುಸ್ತಕ ಇಡಿ. ಒಬ್ಬೊಬ್ಬರಿಗೆ ದಿನಕ್ಕೊಂದು ಪುಟ. ಯಾವ ಗಾಡಿ, ಏನು ಕೆಲಸ, ಎಷ್ಟರಿಂದ ಎಷ್ಟರವರೆಗೆ. 15 ನಿಮಿಷದ ಲೆಕ್ಕ ಸಾಕು, ಅದಕ್ಕಿಂತ ಸಣ್ಣದಾದರೆ ಯಾರೂ ಬರೆಯುವುದಿಲ್ಲ. ಯಾವ ಗಾಡಿಗೂ ಸೇರದ ಹೊತ್ತನ್ನೂ ಬರೆಯಲೇಬೇಕು. ಸಂಜೆ ಎಲ್ಲಾ ಒಟ್ಟಿಗೆ ನೆನಪು ಮಾಡಿಕೊಂಡು ಬರೆದರೆ ಪ್ರಯೋಜನ ಇಲ್ಲ, ಕೆಲಸ ಬದಲಾದಾಗಲೇ ಬರೆಯಬೇಕು. ಇದು ಕಳ್ಳತನ ಹಿಡಿಯುವ ಪುಸ್ತಕ ಅಲ್ಲ ಅಂತ ಹುಡುಗರಿಗೆ ಮೊದಲೇ ಬಿಡಿಸಿ ಹೇಳಿ. ಇಲ್ಲದಿದ್ದರೆ ಖಾಲಿ ಹೊತ್ತನ್ನು ಯಾರೂ ಬರೆಯುವುದಿಲ್ಲ.

ಎರಡನೇ ಹೆಜ್ಜೆ: ವರ್ಷದ ಖರ್ಚು ಪೂರ್ತಿ ಬರೆಯಿರಿ

ಮೊದಲು ಸಂಬಳ. ಹಿರಿಯ ಮೆಕ್ಯಾನಿಕ್‌ಗೆ ತಿಂಗಳಿಗೆ 30,000. ಹಬ್ಬಕ್ಕೆ ಒಂದು ತಿಂಗಳ ಬೋನಸ್ ಸೇರಿಸಿದರೆ ವರ್ಷಕ್ಕೆ 3,90,000. ಹೆಲ್ಪರ್‌ಗೆ 16,000ದಂತೆ, ಬೋನಸ್ ಸೇರಿ 2,08,000. ಮಾಲೀಕನಿಗೆ ತಿಂಗಳಿಗೆ 50,000, ವರ್ಷಕ್ಕೆ 6,00,000. ಒಟ್ಟು 11,98,000 ರೂಪಾಯಿ. ಮುಂದೆ ಗ್ಯಾರೇಜು ಬೆಳೆದು 10 ಜನ ಆದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಬರುತ್ತದೆ, ಮಾಲೀಕರ ಪಾಲು ಸಂಬಳದ ಶೇ. 3.25. 20 ಜನ ಆದರೆ ಪಿಎಫ್ ಕೂಡ.

ಮಾಲೀಕನ ಸಂಬಳದ ಬಗ್ಗೆ ಸ್ವಲ್ಪ ನಿಲ್ಲಬೇಕು. "ನನಗ್ಯಾಕೆ ಸಂಬಳ, ಉಳಿದಿದ್ದೆಲ್ಲಾ ನನ್ನದೇ ತಾನೇ" ಅನ್ನುವವರು ಬಹಳ. ಆದರೆ ನೀವು ಅದೇ ಕೈಗಳಿಂದ ಬೇರೆ ಕಡೆ ದುಡಿದಿದ್ದರೆ ಸಂಬಳ ಬರುತ್ತಿತ್ತು. ನಾಳೆ ನಿಮಗೆ ಬೆನ್ನು ನೋವು ಬಂದು ಮೂರು ತಿಂಗಳು ಮಲಗಿದರೆ ನಿಮ್ಮ ಜಾಗಕ್ಕೆ ಒಬ್ಬರನ್ನು ಸಂಬಳ ಕೊಟ್ಟೇ ತರಬೇಕು. ಆ ದುಡ್ಡು ದರದಲ್ಲೇ ಇರಬೇಕು. ಸಂಬಳ ಬೇರೆ, ಲಾಭ ಬೇರೆ.

ಈಗ ಉಳಿದ ಖರ್ಚು. ಬಾಡಿಗೆ ತಿಂಗಳಿಗೆ 35,000, ವರ್ಷಕ್ಕೆ 4,20,000. ಕರೆಂಟು, ನೀರು, ಫೋನು 96,000. ಬಟ್ಟೆ ಚಿಂದಿ, ಸೀಮೆಎಣ್ಣೆ, ಗ್ರೀಸು, ಎಮರಿ ಕಾಗದ, ತುಕ್ಕು ಬಿಡಿಸುವ ಎಣ್ಣೆ 72,000. ಓಡಾಟದ ಪೆಟ್ರೋಲು, ಆಟೋ 60,000. ವಿಮೆ 40,000. ಲೆಕ್ಕ ನೋಡುವವರಿಗೆ 30,000. ಮರುಕೆಲಸಕ್ಕೆ ನಾವೇ ಹಾಕಿಕೊಡಬೇಕಾದ ಸಾಮಾನಿಗೆ 47,000.

ಉಪಕರಣದ ಸವಕಳಿಯನ್ನು ಮರೆಯುವವರೇ ಜಾಸ್ತಿ. ಹಳೇ ಕಾರಿನ ಗ್ಯಾರೇಜಿಗೆ ಒಂದೇ ಸ್ಪ್ಯಾನರ್ ಸೆಟ್ ಸಾಲದು. ಪದ್ಮಿನಿಗೆ ಮಿಲಿಮೀಟರ್ ಅಳತೆ, ಅಂಬಾಸಿಡರ್ ಮತ್ತು ಜೀಪಿಗೆ ಇಂಚಿನ ಅಳತೆ, ಇನ್ನೂ ಹಳೆಯ ಬ್ರಿಟಿಷ್ ಗಾಡಿಗಳಿಗೆ ವಿಟ್‌ವರ್ತ್ ಅನ್ನುವ ಹಳೇ ಅಳತೆ. ಕಿಂಗ್‌ಪಿನ್ ಬುಷ್‌ಗೆ ರೀಮರ್ ಬೇಕು. ಪುಲ್ಲರ್‌ಗಳು, ವ್ಯಾಕ್ಯೂಮ್ ಗೇಜು, ಟೈಮಿಂಗ್ ಲೈಟು, ವೆಲ್ಡಿಂಗ್ ಮಷೀನು, ಕಂಪ್ರೆಸರು. ಎಲ್ಲ ಸೇರಿ 6 ಲಕ್ಷ, 8 ವರ್ಷ ಬಾಳಿಕೆ ಅಂದರೆ ವರ್ಷಕ್ಕೆ 75,000.

ಸಂಬಳ ಬಿಟ್ಟು ಉಳಿದಿದ್ದು 8,40,000. ಸಂಬಳ ಸೇರಿ ವರ್ಷದ ಖರ್ಚು 20,38,000 ರೂಪಾಯಿ.

ಮೂರನೇ ಹೆಜ್ಜೆ: ಭಾಗಿಸಿ ನೋಡಿ

20,38,000ವನ್ನು 3,142 ಗಂಟೆಯಿಂದ ಭಾಗಿಸಿದರೆ 649 ರೂಪಾಯಿ ಬರುತ್ತದೆ. ಇದು ನಿಮ್ಮ ಅಸಲು. ಒಂದು ರೂಪಾಯಿ ಲಾಭವೂ ಇಲ್ಲದೆ ಬಾಗಿಲು ತೆರೆದಿಡಲು ಸರಾಸರಿ ಇಷ್ಟು ಬೇಕು.

ಅದೇ ಖರ್ಚನ್ನು ಹಾಜರಿಯ 6,984 ಗಂಟೆಗಳಿಂದ ಭಾಗಿಸಿದ್ದರೆ? 292 ರೂಪಾಯಿ ಬರುತ್ತಿತ್ತು. ಮಾಲೀಕನ ಸಂಬಳವನ್ನೂ ಬಿಟ್ಟಿದ್ದರೆ 206. ಆಗ "350 ತಗೊಂಡರೆ ಒಳ್ಳೇ ಲಾಭ" ಅಂತಲೇ ಅನ್ನಿಸುತ್ತದೆ. ಆದರೆ 3,142 ಗಂಟೆಗೆ 350ರಂತೆ ವರ್ಷಕ್ಕೆ ಬರುವುದು ಸುಮಾರು 11 ಲಕ್ಷ. ಮಾಲೀಕ ಒಂದು ಪೈಸೆ ತಗೊಳ್ಳದಿದ್ದರೂ ಖರ್ಚು 14.38 ಲಕ್ಷ. ಮೂರು ಲಕ್ಷಕ್ಕೂ ಮೇಲೆ ಮನೆಯಿಂದ ತಂದು ಹಾಕಬೇಕು. ದಿನವಿಡೀ ದುಡಿದರೂ ಸಾಲ ಯಾಕೆ ಏರುತ್ತಿದೆ ಅನ್ನುವುದಕ್ಕೆ ಉತ್ತರ ಈ ಒಂದು ಭಾಗಾಕಾರದಲ್ಲಿದೆ.

ಬಿಲ್ಲಿಗೆ ಹೋಗುವ ಗಂಟೆ ಸ್ವಲ್ಪ ಕಡಿಮೆಯಾದರೂ ಅಸಲು ಏರುತ್ತದೆ. ಹಿರಿಯ ಮೆಕ್ಯಾನಿಕ್‌ನದು ಶೇ. 65ರ ಬದಲು 50 ಅಂದುಕೊಳ್ಳಿ. ಅಸಲು 649ರಿಂದ 730ಕ್ಕೆ ಹೋಗುತ್ತದೆ. ಅದಕ್ಕೇ ಶೇಕಡಾ ಊಹೆ ಮಾಡಬೇಡಿ, ಪುಸ್ತಕ ಇಡಿ ಅನ್ನುವುದು.

ಅಸಲಿನ ಮೇಲೆ ಲಾಭ. ಶೇ. 20 ಲಾಭ ಬೇಕು ಅಂದರೆ 649ಕ್ಕೆ ಶೇ. 20 ಸೇರಿಸಿ 779 ಅಂತ ಬರೆಯುವುದು ವಾಡಿಕೆ. ಆದರೆ 779ರಲ್ಲಿ ಲಾಭ 130, ಅದು ಶೇ. 17 ಕೂಡ ಮುಟ್ಟುವುದಿಲ್ಲ. ಬಂದ ಹಣದಲ್ಲಿ ಶೇ. 20 ಉಳಿಯಬೇಕು ಅಂದರೆ 649ನ್ನು 0.8ರಿಂದ ಭಾಗಿಸಬೇಕು. 811 ಬರುತ್ತದೆ. ಈ ಲಾಭ ಐಷಾರಾಮಕ್ಕಲ್ಲ. ಹೊಸ ಲಿಫ್ಟು ಕೊಳ್ಳಲು, ಕೆಲಸವಿಲ್ಲದ ತಿಂಗಳು ದಾಟಲು, ಮಳೆಗಾಲದಲ್ಲಿ ಪೇಂಟಿಂಗ್ ನಿಂತಾಗ ಸಂಬಳ ಕೊಡಲು ಬೇಕು.

ನಾಲ್ಕನೇ ಹೆಜ್ಜೆ: ಒಂದೇ ದರವೋ, ಮೂರೋ?

ಎಲ್ಲಕ್ಕೂ 811 ಅಂತ ಒಂದೇ ದರ ಇಡಬಹುದು. ಲೆಕ್ಕ ಸುಲಭ. ಆದರೆ ಹೆಲ್ಪರ್ ಡ್ರಮ್ಮು ಉಜ್ಜಿ ತೊಳೆದ ಗಂಟೆಗೂ, ಮಾಲೀಕ ಕಿವಿಗೊಟ್ಟು ಎಸ್‌ಯು ಕಾರ್ಬುರೇಟರ್ (ಪೆಟ್ರೋಲು, ಗಾಳಿ ಬೆರೆಸುವ ಭಾಗ) ಹೊಂದಿಸಿದ ಗಂಟೆಗೂ ಒಂದೇ ಬೆಲೆ ಅಂದರೆ ಗ್ರಾಹಕ ಪ್ರಶ್ನೆ ಕೇಳುತ್ತಾನೆ. ಕೇಳಬೇಕಾದ್ದೇ. ನನಗೆ ಮೂರು ದರವೇ ಇಷ್ಟ.

ನಮ್ಮ ಷೆಡ್ಡಿಗೆ ಹೀಗಿಡೋಣ: ಮಾಲೀಕನ ಗಂಟೆ 1,100, ಹಿರಿಯ ಮೆಕ್ಯಾನಿಕ್ 850, ಹೆಲ್ಪರ್ 400. ವರ್ಷದ ಗಂಟೆಗಳಿಂದ ಗುಣಿಸಿದರೆ ಒಟ್ಟು ಸುಮಾರು 25.89 ಲಕ್ಷ. ಖರ್ಚು 20.38 ಲಕ್ಷ ಕಳೆದರೆ 5.51 ಲಕ್ಷ ಉಳಿಯುತ್ತದೆ, ಅಂದರೆ ಶೇ. 21. ದರ ಬೇರೆ ಬೇರೆ ಮಾಡಿದಾಗ ಹೀಗೆ ಮತ್ತೆ ಕೂಡಿ ನೋಡಲೇಬೇಕು. ಇಲ್ಲದಿದ್ದರೆ ಹೆಲ್ಪರ್‌ಗೆ ಕಡಿಮೆ ಮಾಡಿದ್ದು ಎಲ್ಲಿಂದಲೂ ತುಂಬಿಕೊಳ್ಳುವುದಿಲ್ಲ.

ಮಾಲೀಕನ ಗಂಟೆ ಯಾಕೆ ಇಷ್ಟು ದುಬಾರಿ? ಈ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ವೈರು ಸಿಕ್ಕಿಸಿ ದೋಷ ಓದುವ ಹಾಗಿಲ್ಲ. "ಬಿಸಿಯಾದ ಮೇಲೆ ನಿಂತುಬಿಡುತ್ತದೆ" ಅಂತ ಪದ್ಮಿನಿ ಬಂದರೆ ಡಿಸ್ಟ್ರಿಬ್ಯೂಟರ್‌ನ ಕಂಡೆನ್ಸರ್ ಇರಬಹುದು, ಕಾಯಿಲ್ ಇರಬಹುದು, ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತಿರಬಹುದು. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಫ್ಯುಯೆಲ್ ಪಂಪಿನ ಹಳೇ ಡಯಾಫ್ರಮ್ ಹಾಳಾಗಿರಬಹುದು. ಇದನ್ನು ನಲವತ್ತು ನಿಮಿಷದಲ್ಲಿ ಹಿಡಿಯುವವರು ಊರಿಗೆ ಬೆರಳೆಣಿಕೆಯಷ್ಟು ಜನ. ಅವರಿಗೆ ವಯಸ್ಸಾಗುತ್ತಿದೆ. ಈ ವಿದ್ಯೆಗೆ ತಕ್ಕ ಬೆಲೆ ಬರದಿದ್ದರೆ ಹೊಸ ಹುಡುಗರು ಇದನ್ನು ಕಲಿಯಲು ಬರುವುದಿಲ್ಲ, ಕ್ಯಾಬ್ ಓಡಿಸಲು ಹೋಗುತ್ತಾರೆ. ದರ ಸರಿಯಾಗಿಡಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ದೊಡ್ಡ ಕಾರಣ.

ಐದನೇ ಹೆಜ್ಜೆ: ಜಿಎಸ್‌ಟಿ

ವರ್ಷದ ವಹಿವಾಟು, ಕೂಲಿ ಮತ್ತು ಬಿಡಿಭಾಗ ಎರಡೂ ಸೇರಿ, 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನಮ್ಮ ಷೆಡ್ಡಿನ ಕೂಲಿಯೇ ಅದನ್ನು ದಾಟುತ್ತದೆ. ರಿಪೇರಿ ಕೂಲಿಗೆ ತೆರಿಗೆ ಶೇ. 18. 850ರ ಗಂಟೆ ಗ್ರಾಹಕನಿಗೆ 1,003 ಆಗುತ್ತದೆ. ಹಳೇ ಕಾರು ತರುವವರು ಹೆಚ್ಚಾಗಿ ಮನೆ ಮಂದಿ, ಅವರಿಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ. ಆದ್ದರಿಂದ ಮಾತಾಡುವಾಗಲೇ "ತೆರಿಗೆ ಬೇರೆ" ಅಂತ ಹೇಳಿಬಿಡಿ.

ವಹಿವಾಟು 50 ಲಕ್ಷದ ಒಳಗಿದ್ದರೆ ಕಾಂಪೊಸಿಷನ್ ಅನ್ನುವ, ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯೂ ಇದೆ. ಶೇ. 6 ಕಟ್ಟಬೇಕು, ಆದರೆ ಅದನ್ನು ಬಿಲ್ಲಿನಲ್ಲಿ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಹಾಗಾಗಿ ದರದೊಳಗೇ ಸೇರಿಸಬೇಕು: ಕೈಗೆ 850 ಸಿಗಬೇಕಾದರೆ 904 ಇಡಬೇಕು. ಗ್ರಾಹಕನಿಗೆ 1,003ಕ್ಕಿಂತ ಇದು ಹಗುರ. ಆದರೆ ಬಿಡಿಭಾಗ ಕೊಳ್ಳುವಾಗ ನೀವು ಕಟ್ಟಿದ ಶೇ. 18 ವಾಪಸ್ ಬರುವುದಿಲ್ಲ, ಮಾರಿದ ಬಿಡಿಭಾಗದ ಮೇಲೂ ಶೇ. 6 ಹೋಗುತ್ತದೆ. ಕೂಲಿಯೇ ಜಾಸ್ತಿ ಇರುವ ಗ್ಯಾರೇಜಿಗೆ ಇದು ಹೊಂದಬಹುದು, ಬಿಡಿಭಾಗದ ವ್ಯಾಪಾರವೂ ಜೋರಾಗಿದ್ದರೆ ಹೊಂದದಿರಬಹುದು. ನಿಮ್ಮ ಅಂಕಿ ತಗೊಂಡು ಲೆಕ್ಕಿಗರ ಹತ್ತಿರ ಕೂತು ಎರಡೂ ರೀತಿ ಹಾಕಿ ನೋಡಿ.

ಆರನೇ ಹೆಜ್ಜೆ: ಯಾವ ಗಂಟೆ ಬಿಲ್ಲಿಗೆ, ಯಾವುದು ಅಲ್ಲ

ದರ ಇಟ್ಟಾಯಿತು. ಜಗಳ ಬರುವುದು ಮಾತ್ರ ಇಲ್ಲಿ. ಹಾಗಾಗಿ ನಿಯಮಗಳನ್ನು ಮೊದಲೇ ಬರೆದು ಗೋಡೆಗೆ ಹಚ್ಚಿ, ಜಾಬ್ ಕಾರ್ಡಿನ (ಗಾಡಿ ಬಂದಾಗ ಕೆಲಸ ಬರೆದುಕೊಳ್ಳುವ ಹಾಳೆ) ಹಿಂದೆಯೂ ಅಚ್ಚು ಹಾಕಿಸಿ.

ದೋಷ ಹುಡುಕುವ ಹೊತ್ತು ಬಿಲ್ಲಿಗೆ ಹೋಗಲೇಬೇಕು. ಕನಿಷ್ಠ ಒಂದು ಗಂಟೆ. "ನೋಡೋದಕ್ಕೂ ದುಡ್ಡಾ?" ಅಂತ ಕೆಲವರು ಕೇಳುತ್ತಾರೆ. ಹಳೇ ಗಾಡಿಯಲ್ಲಿ ನೋಡುವುದೇ ಅರ್ಧ ಕೆಲಸ ಅಂತ ನೇರವಾಗಿ ಹೇಳಿ. ರಿಪೇರಿಯನ್ನು ನಿಮ್ಮಲ್ಲೇ ಮಾಡಿಸಿದರೂ ಆ ಒಂದು ಗಂಟೆ ಮಾಫಿ ಮಾಡಬೇಡಿ. ಮಾಫಿ ಮಾಡಿದರೆ ಅದಕ್ಕೆ ಬೆಲೆಯೇ ಇಲ್ಲ ಅಂತ ನೀವೇ ಒಪ್ಪಿಕೊಂಡ ಹಾಗೆ.

ಬಿಡಿಭಾಗ ಹುಡುಕುವ ಹೊತ್ತು ಇನ್ನೊಂದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ, ಶಿವಾಜಿನಗರದ ಗುಜರಿ, ಆಮೇಲೆ ಚೆನ್ನೈನ ಪುದುಪೇಟೆಗೆ ಫೋನು, ಕೋಲ್ಕತ್ತಾದ ಮಲ್ಲಿಕ್ ಬಜಾರಿಗೆ ಫೋಟೋ ಕಳಿಸುವುದು. ಒಂದು ಹೆರಾಲ್ಡ್ ಟೈಲ್ ಲ್ಯಾಂಪಿಗೆ ಒಂದು ದಿನ ಹೋಗಬಹುದು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಅದರಡಿ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಾಗಿ "ಬೇರೆ ಗಾಡಿಯ ಎಂಜಿನ್ ಕೂರಿಸಿಬಿಡಿ" ಅನ್ನುವ ಹಳೇ ಸುಲಭದ ದಾರಿ ಎಲ್ಲರಿಗೂ ಆಗುವುದಿಲ್ಲ. ಮೂಲದ ಭಾಗವನ್ನೇ ಹುಡುಕಬೇಕಾಗುತ್ತದೆ.

ಈ ಹೊತ್ತಿಗೆ ಎರಡು ದಾರಿ. ಸುಲಭವಾಗಿ ಸಿಗುವ ಭಾಗಗಳಿಗೆ ಕೊಂಡ ಬೆಲೆಯ ಮೇಲೆ ಶೇ. 15ರಿಂದ 20 ಇಟ್ಟುಕೊಳ್ಳಿ, ಓಡಾಟ ಅದರಲ್ಲೇ ಬಂತು. ಅಪರೂಪದ ಭಾಗವಾದರೆ ಹುಡುಕುವ ಗಂಟೆಗೆ ಹೆಲ್ಪರ್ ದರದಲ್ಲಿ ಬಿಲ್ ಮಾಡಿ, ಭಾಗವನ್ನು ಕೊಂಡ ಬೆಲೆಗೇ ಕೊಟ್ಟುಬಿಡಿ, ರಸೀದಿ ತೋರಿಸಿ. ಒಂದೇ ಭಾಗಕ್ಕೆ ಎರಡನ್ನೂ ಹಾಕುವುದು ಸರಿಯಲ್ಲ.

ಗ್ರಾಹಕರೇ ಭಾಗ ತಂದುಕೊಟ್ಟರೆ? ಹಾಕಿಕೊಡಿ. ಆದರೆ ಆ ಭಾಗಕ್ಕೆ ನಿಮ್ಮ ಗ್ಯಾರಂಟಿ ಇಲ್ಲ. ಅದು ಹೊಂದದೆ ಮತ್ತೆ ಬಿಚ್ಚಬೇಕಾದರೆ ಎರಡನೇ ಸಲದ ಕೂಲಿಯೂ ಅವರದೇ. ಇದನ್ನು ಭಾಗ ಕೈಗೆ ತಗೊಳ್ಳುವಾಗಲೇ ಬರೆಸಿಕೊಳ್ಳಿ.

ತುಕ್ಕು ಹಿಡಿದ ಬೋಲ್ಟಿನ ಹೊತ್ತು ಗ್ರಾಹಕನದು. ಐವತ್ತು ವರ್ಷದ ತುಕ್ಕಿಗೆ ನೀವು ಹೊಣೆಯಲ್ಲ. ಆದರೆ ಅವಸರಪಟ್ಟು ಬಿಸಿ ಮಾಡದೆ, ಎಣ್ಣೆ ಬಿಡದೆ ಬೋಲ್ಟು ಮುರಿದಿದ್ದರೆ ಆ ಹೊತ್ತು ನಿಮ್ಮದು. ಈ ಗೆರೆ ಎಲ್ಲಿದೆ ಅಂತ ಕೆಲಸ ಮಾಡಿದವನಿಗೆ ಗೊತ್ತಿರುತ್ತದೆ. ಪ್ರಾಮಾಣಿಕವಾಗಿ ಬರೆಯಿರಿ.

ಕಲಿಯುವ ಹೊತ್ತನ್ನು ಬಿಲ್ಲಿಗೆ ಹಾಕಬೇಡಿ. ಹುಡುಗ ಮೊದಲ ಸಲ ಗೇರ್‌ಬಾಕ್ಸ್ ಬಿಚ್ಚಲು ಎರಡು ದಿನ ತಗೊಂಡರೆ, ಬಲ್ಲವರು ಎಷ್ಟು ಹೊತ್ತಿನಲ್ಲಿ ಮಾಡುತ್ತಿದ್ದರೋ ಅಷ್ಟೇ ಹಾಕಿ. ಹೆಲ್ಪರ್‌ನದು ಶೇ. 30 ಮಾತ್ರ ಅಂತ ಇಟ್ಟಿದ್ದು ಇದಕ್ಕೇ. ಅವನ ಕಲಿಕೆಯ ಖರ್ಚು ಆಗಲೇ ದರದೊಳಗೆ ಸೇರಿದೆ. ಎಂಜಿನ್ ಇಳಿಸುವಾಗ ಇಬ್ಬರು ಬೇಕೇ ಬೇಕಾದರೆ ಇಬ್ಬರ ಹೊತ್ತೂ ಹಾಕಬಹುದು, ಬೇಕಾದಷ್ಟು ಹೊತ್ತಿಗೆ ಮಾತ್ರ.

ಬೋರಿಂಗ್, ಕ್ರೋಮ್ ಪ್ಲೇಟಿಂಗ್, ರೇಡಿಯೇಟರ್, ಸೀಟಿನ ಕೆಲಸ ಹೊರಗೆ ಕೊಡುತ್ತೀರಿ. ಅದರ ಬಿಲ್ಲಿನ ಮೇಲೆ ಶೇ. 10ರಿಂದ 15 ಸೇರಿಸುವುದು ನ್ಯಾಯವೇ. ಲೇತ್‌ನವರು ಅಳತೆ ತಪ್ಪಿಸಿದರೆ ಗ್ರಾಹಕ ಬರುವುದು ನಿಮ್ಮ ಬಾಗಿಲಿಗೆ ತಾನೇ.

ನಿಮ್ಮ ಕೆಲಸಕ್ಕೆ ಮೂರು ತಿಂಗಳು ಗ್ಯಾರಂಟಿ ಕೊಡಿ. ಅದರೊಳಗೆ ಅದೇ ಕೆಲಸ ಕೆಟ್ಟರೆ ಬಾಯಿಬಿಡದೆ ಸರಿಮಾಡಿ ಕೊಡಿ. ಆ ಖರ್ಚನ್ನು ಎರಡನೇ ಹೆಜ್ಜೆಯಲ್ಲೇ ಬರೆದಿದ್ದೇವೆ.

ಏಳನೇ ಹೆಜ್ಜೆ: ಅಂದಾಜು ಕೊಡುವ ರೀತಿ

ಗಂಟೆಯ ಲೆಕ್ಕ ಅಂದ ತಕ್ಷಣ ಗ್ರಾಹಕನಿಗೆ ಒಂದೇ ಭಯ: ಎಲ್ಲಿಗೆ ಹೋಗಿ ನಿಲ್ಲುತ್ತದೆ? ಆ ಭಯ ಸರಿಯಾದದ್ದೇ. ಅದಕ್ಕೆ ಉತ್ತರ, ಕೇಳದೆ ದಾಟದ ಮಿತಿ. ಅಂಬಾಸಿಡರ್‌ನ ನಾಲ್ಕೂ ಚಕ್ರದ ಬ್ರೇಕ್ ಕೆಲಸಕ್ಕೆ "10ರಿಂದ 16 ಗಂಟೆ, 850ರಂತೆ ಕೂಲಿ 8,500ರಿಂದ 13,600, ತೆರಿಗೆ ಮತ್ತು ಬಿಡಿಭಾಗ ಬೇರೆ" ಅಂತ ಬರೆದುಕೊಡಿ. 13 ಗಂಟೆ ಆಗುವಷ್ಟರಲ್ಲಿ ಕೆಲಸ ಮುಗಿಯುವ ಹಾಗೆ ಕಾಣದಿದ್ದರೆ ಸ್ಪ್ಯಾನರ್ ಕೆಳಗಿಟ್ಟು ಫೋನ್ ಮಾಡಿ. ಮುರಿದ ನಿಪ್ಪಲ್‌ನ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಫೋಟೋ ನೋಡಿದ ಮೇಲೆ ತಕರಾರು ಮಾಡುವವರು ಕಡಿಮೆ. ಒಪ್ಪಿಗೆಯೂ ವಾಟ್ಸಾಪ್‌ನಲ್ಲೇ ಬರಲಿ, ನಾಳೆ ಗ್ರಾಹಕ ನ್ಯಾಯಾಲಯದವರೆಗೆ ಹೋದರೂ ಬರಹ ನಿಲ್ಲುತ್ತದೆ.

ಪೂರ್ತಿ ರೆಸ್ಟೋರೇಶನ್ ಆದರೆ ಒಟ್ಟು ಅಂದಾಜು ಕೊಟ್ಟು ಕೈ ಕಟ್ಟಿಕೊಳ್ಳಬೇಡಿ. 400 ಗಂಟೆ ಅಂದುಕೊಂಡಿದ್ದು ಬಾಡಿಯ ಹಳೇ ಪುಟ್ಟಿ ಕೆರೆದ ಮೇಲೆ 600 ಆಗಬಹುದು. 40 ಗಂಟೆಗೊಂದು ಬಿಲ್ ಮಾಡಿ. 850ರಂತೆ ತೆರಿಗೆ ಸೇರಿ ಒಂದು ಬಿಲ್ಲಿಗೆ 40,120 ರೂಪಾಯಿ. ಮೊದಲ ಬಿಲ್ಲಿನಷ್ಟು ಮುಂಗಡ ತಗೊಂಡು ಶುರು ಮಾಡಿ. ಒಂದು ಬಿಲ್ ಬರದಿದ್ದರೆ ಮುಂದಿನ ಕೆಲಸ ನಿಲ್ಲುತ್ತದೆ ಅನ್ನುವುದು ಮೊದಲೇ ಗೊತ್ತಿರಲಿ.

ನೆಂಟರು, ಹಳೇ ಗೆಳೆಯರಿಗೆ ಕಡಿಮೆ ಮಾಡಬೇಕು ಅನ್ನಿಸಿದರೆ ಮಾಡಿ. ಆದರೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ಅಂತ ಬೇರೆ ಸಾಲು ಹಾಕಿ. ದರವನ್ನೇ ಇಳಿಸಿ ಬರೆದರೆ ಅದೇ ನಿಮ್ಮ ದರ ಅಂತ ಊರೆಲ್ಲ ಸುದ್ದಿಯಾಗುತ್ತದೆ.

ಎಂಟನೇ ಹೆಜ್ಜೆ: ನಿಂತ ಗಾಡಿಯ ಬಾಡಿಗೆ

ಹಳೇ ಗಾಡಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಮಾಲೀಕರು ಅಮೆರಿಕಕ್ಕೆ ಹೋಗಿರುತ್ತಾರೆ, ಅಣ್ಣ ತಮ್ಮಂದಿರಲ್ಲಿ ಖರ್ಚು ಯಾರದು ಅಂತ ತೀರ್ಮಾನ ಆಗಿರುವುದಿಲ್ಲ. ಜಾಗದ ಲೆಕ್ಕ ಹಾಕಿ. 35,000 ಬಾಡಿಗೆಯನ್ನು 1,500 ಚದರಡಿಯಿಂದ ಭಾಗಿಸಿದರೆ ಚದರಡಿಗೆ 23 ರೂಪಾಯಿ ಚಿಲ್ಲರೆ. ಸುತ್ತ ಓಡಾಡಲು ಜಾಗ ಸೇರಿ ಒಂದು ಕಾರಿಗೆ 200 ಚದರಡಿ ಬೇಕು. ತಿಂಗಳಿಗೆ ಸುಮಾರು 4,670, ದಿನಕ್ಕೆ 155. ಕೆಲಸ ಮುಗಿದಿದೆ ಅಂತ ತಿಳಿಸಿದ ಏಳು ದಿನದ ಮೇಲೆ ದಿನಕ್ಕೆ 200 ಅಂತ ಇಟ್ಟರೆ ತಪ್ಪಿಲ್ಲ. ಇದು ಜಾಬ್ ಕಾರ್ಡಿನಲ್ಲಿ ಮೊದಲೇ ಇದ್ದು, ಅವರ ಸಹಿ ಇರಬೇಕು.

1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ರಿಪೇರಿ ಕೂಲಿ ಬರುವವರೆಗೆ ಗಾಡಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕು ನಿಮಗಿದೆ. ಆದರೆ ಆ ಹಕ್ಕು ಆ ಗಾಡಿಯ ಆ ಕೆಲಸಕ್ಕೆ ಮಾತ್ರ. ಹೋದ ವರ್ಷದ ಇನ್ನೊಂದು ಕಾರಿನ ಬಾಕಿಗೆ ಈ ಕಾರನ್ನು ಹಿಡಿದಿಡುವಂತಿಲ್ಲ.

ದರ ಜಾಸ್ತಿ ಅನ್ನಿಸಿದರೆ

850 ಅಂದರೆ ನಮ್ಮ ಏರಿಯಾದಲ್ಲಿ ಯಾರೂ ಬರುವುದಿಲ್ಲ ಅನ್ನುವ ಭಯ ಸಹಜ. ದರ ಇಳಿಸುವ ಮೊದಲು ಗಂಟೆಗಳನ್ನು ಏರಿಸಲು ನೋಡಿ. ಹಿರಿಯ ಮೆಕ್ಯಾನಿಕ್‌ನ ಬಿಲ್ ಆಗುವ ಹೊತ್ತು ಶೇ. 65ರಿಂದ 75ಕ್ಕೆ ಹೋದರೆ ವರ್ಷಕ್ಕೆ 233 ಗಂಟೆ ಸಿಗುತ್ತದೆ, 850ರಂತೆ ಸುಮಾರು 1.98 ಲಕ್ಷ. ಸಂಬಳ, ಬಾಡಿಗೆ ಯಾವುದೂ ಏರುವುದಿಲ್ಲ.

ಅದಕ್ಕೆ ಮೂರು ಕೆಲಸ ಸಾಕಾಗುತ್ತದೆ ಅಂತ ನನ್ನ ಅನುಭವ. ಭಾಗಗಳು ಕೈಗೆ ಬಂದ ಮೇಲೇ ಗಾಡಿಯನ್ನು ಒಳಗೆ ತಗೊಳ್ಳಿ. ಜೆ.ಸಿ. ರಸ್ತೆಗೆ ಪ್ರತಿದಿನ ಓಡದೆ, ವಾರಕ್ಕೆ ಎರಡು ಸಲ ಪಟ್ಟಿ ಮಾಡಿಕೊಂಡು ಹೆಲ್ಪರ್‌ನನ್ನು ಕಳಿಸಿ, ಹಿರಿಯ ಮೆಕ್ಯಾನಿಕ್‌ನನ್ನು ಅಲ್ಲ. ಮೂರು ಜನ ಇರುವ ಷೆಡ್ಡಿನಲ್ಲಿ ಐದು ಗಾಡಿ ಬಿಚ್ಚಿಡಬೇಡಿ. ಒಂದರ ನಟ್ಟು ಇನ್ನೊಂದರ ಡಬ್ಬಿಗೆ ಬಿದ್ದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ದರ ಬದಲಿಸುವಾಗ ಏಪ್ರಿಲ್ ಒಂದನೇ ತಾರೀಕು ಒಳ್ಳೆಯ ದಿನ. ಹಿಂದಿನ ವರ್ಷದ ಪುಸ್ತಕ ಮುಂದಿಟ್ಟುಕೊಂಡು ಖರ್ಚು, ಗಂಟೆ ಎರಡನ್ನೂ ಹೊಸದಾಗಿ ಬರೆಯಿರಿ. ಸಂಬಳ ಏರಿಸಿದ ವರ್ಷ ದರ ಏರಲೇಬೇಕು. ಒಂದು ತಿಂಗಳು ಮೊದಲೇ ಎಲ್ಲಾ ಗ್ರಾಹಕರಿಗೂ ಸಂದೇಶ ಕಳಿಸಿ. ಆಗಲೇ ಬಿಚ್ಚಿಟ್ಟಿರುವ ಗಾಡಿಗಳಿಗೆ, ನಡೆಯುತ್ತಿರುವ 40 ಗಂಟೆಯ ಕಂತು ಮುಗಿಯುವವರೆಗೆ ಹಳೇ ದರವೇ ಇರಲಿ, ಮುಂದಿನ ಕಂತಿನಿಂದ ಹೊಸ ದರ.